ಫೈಲ್‌ಗಳೆಲ್ಲ ಡ್ರೈವ್‌ನಲ್ಲೇ ಇವೆ, ಮತ್ತೆ ಬ್ಯಾಕಪ್ ಯಾಕೆ?

ಪ್ರಶ್ನೆ: ನಂದು ಚಿಕ್ಕ ಹಾರ್ಡ್‌ವೇರ್ ಅಂಗಡಿ. ಟ್ಯಾಲಿ ಲೆಕ್ಕ, ಬಿಲ್ಲುಗಳು, ಮಕ್ಕಳ ಫೋಟೊ ಎಲ್ಲವನ್ನೂ ಕಂಪ್ಯೂಟರಿನ ಗೂಗಲ್ ಡ್ರೈವ್ ಫೋಲ್ಡರಿನಲ್ಲಿ ಇಟ್ಟಿದ್ದೇನೆ. ಇಷ್ಟು ಸಾಕು ಅಲ್ವಾ? ಬ್ಯಾಕಪ್‌ಗೆ ಅಂತ ಬೇರೆ ದುಡ್ಡು ಕೊಡಬೇಕಾ?

ಉತ್ತರ: ಸಾಲದು. ನಿಮ್ಮ ಹಾರ್ಡ್ ಡಿಸ್ಕ್ ಕೆಟ್ಟರೆ ಡ್ರೈವ್ ಖಂಡಿತ ಕಾಪಾಡುತ್ತದೆ. ಆದರೆ ನೀವು ಮಾಡುತ್ತಿರುವುದು ಸಿಂಕ್. ಕಂಪ್ಯೂಟರ್, ಡ್ರೈವ್ ಎರಡು ಕಡೆ ಫೈಲ್‌ಗಳು ಒಂದೇ ಥರ ಇರಬೇಕು, ಅದರ ಕೆಲಸ ಅಷ್ಟೇ. ಇಲ್ಲಿ ಅಳಿಸಿದ್ದು ಅಲ್ಲೂ ಅಳಿಸಿಹೋಗುತ್ತದೆ. ಇಲ್ಲಿ ಕೆಟ್ಟಿದ್ದು ಅಲ್ಲೂ ಕೆಡುತ್ತದೆ.

ಏಪ್ರಿಲ್‌ನಲ್ಲಿ ಹೊಸ ವರ್ಷದ ಲೆಕ್ಕ ಶುರುವಾಯಿತು ಅಂದುಕೊಳ್ಳಿ. ಜಾಗ ಸಾಲದು ಅಂತ ಹಳೇ ಬಿಲ್ಲುಗಳ ಫೋಲ್ಡರ್ ತೆಗೆದುಬಿಟ್ಟಿರಿ. ಸೆಪ್ಟೆಂಬರ್‌ನಲ್ಲಿ ಆಡಿಟರ್ ಅದನ್ನೇ ಕೇಳುತ್ತಾರೆ. ಡ್ರೈವ್‌ನ ಕಸದ ಬುಟ್ಟಿಯಲ್ಲಿ ಅದು ಇರುವುದು 30 ದಿನ ಮಾತ್ರ. ಮೇ ತಿಂಗಳಲ್ಲೇ ಹೋಗಿರುತ್ತದೆ.

ರ‍್ಯಾನ್ಸಮ್‌ವೇರ್ ಇನ್ನೂ ಕೆಟ್ಟದ್ದು. ಅದು ಫೈಲ್‌ಗಳಿಗೆ ಬೀಗ ಹಾಕಿ, ಬಿಡಿಸಲು ದುಡ್ಡು ಕೇಳುವ ವೈರಸ್. 2017ರ ಮೇ ತಿಂಗಳಲ್ಲಿ ವಾನ್ನಾಕ್ರೈ ಅನ್ನುವ ಇಂಥ ವೈರಸ್ ಬಂದಾಗ ಹೀಗೇ ಆಗಿತ್ತು: ಫೈಲ್ ಹೆಸರಿನ ಬಾಲ ಬದಲಾಯಿತು, ತೆರೆದರೆ ತೆರೆಯಲಿಲ್ಲ, ಪರದೆ ಮೇಲೆ ದುಡ್ಡು ಕೇಳುವ ಕೆಂಪು ಕಿಟಕಿ. ಇಂಥದ್ದು ಬಂದರೆ ಸಿಂಕ್‌ಗೆ ಗೊತ್ತಾಗುವುದು 'ಫೈಲ್ ಬದಲಾಗಿದೆ' ಅಂತ ಮಾತ್ರ. ಬೀಗ ಬಿದ್ದ ಫೈಲನ್ನೇ ಮೇಲಕ್ಕೆ ಕಳಿಸುತ್ತದೆ. ಹಳೇ ಪ್ರತಿಗಳನ್ನು ಡ್ರೈವ್ ಸ್ವಲ್ಪ ಕಾಲ ಇಟ್ಟಿರುತ್ತದೆ ನಿಜ, ಅದಕ್ಕೂ ಸಾಮಾನ್ಯವಾಗಿ 30 ದಿನದ ಮಿತಿ ಇದೆ.

ಬ್ಯಾಕಪ್ ಅಂದರೆ ತಾರೀಖಿನ ಪ್ರಕಾರ ಪ್ರತಿಗಳು ಬೇರೆ ಬೇರೆಯಾಗಿ ಉಳಿಯಬೇಕು. ಹೋದ ತಿಂಗಳ 5ರಂದು ಹೇಗಿತ್ತೋ ಹಾಗೇ ಬೇಕು ಅಂದರೆ ಸಿಗಬೇಕು. ಯಾವುದೇ ಆನ್‌ಲೈನ್ ಬ್ಯಾಕಪ್ ಸೇವೆಗೆ ಸೇರುವ ಮುಂಚೆ ಬೆಲೆಗಿಂತ ಮೊದಲು ಇದನ್ನು ಕೇಳಿ: ಅಳಿಸಿದ ಫೈಲ್ ಎಷ್ಟು ದಿನ ಇಟ್ಟಿರುತ್ತೀರಿ? ಅಂಗಡಿ ಲೆಕ್ಕಕ್ಕೆ ಒಂದು ವರ್ಷವಾದರೂ ಬೇಕು. ಅಷ್ಟಕ್ಕೆ ದುಡ್ಡು ಕೊಡುವುದು ದಂಡ ಅಲ್ಲ.

ಟ್ಯಾಲಿ ಬಗ್ಗೆ ಒಂದು ಮಾತು. ಅದರ ಡೇಟಾ ಫೋಲ್ಡರನ್ನೇ ಸಿಂಕ್‌ಗೆ ಹಾಕಬೇಡಿ. ಟ್ಯಾಲಿ ಬರೆಯುತ್ತಿರುವಾಗಲೇ ಸಿಂಕ್ ಆ ಫೈಲ್ ಮುಟ್ಟಿದರೆ ಡೇಟಾ ಕೆಡಬಹುದು. ಸಂಜೆ ಶಟರ್ ಎಳೆಯುವ ಮುಂಚೆ ಟ್ಯಾಲಿಯದೇ ಬ್ಯಾಕಪ್ ತೆಗೆದು, ಆ ದಿನದ ತಾರೀಖಿನ ಫೋಲ್ಡರಿಗೆ ಹಾಕಿ, ಅದನ್ನು ಮೇಲಕ್ಕೆ ಕಳಿಸಿ.

ಮೊದಲ ಸಲ ಕಳಿಸುವುದು ನಿಧಾನ. 200 ಜಿಬಿ ಫೋಟೊಗಳಿದ್ದು, ಅಪ್‌ಲೋಡ್ ವೇಗ 10 ಎಂಬಿಪಿಎಸ್ ಇದ್ದರೆ, ಹೆಚ್ಚುಕಮ್ಮಿ ಎರಡು ದಿನ ಬೇಕು. ಆಮೇಲೆ ಬದಲಾದದ್ದಷ್ಟೇ ಹೋಗುತ್ತದೆ.

ಆನ್‌ಲೈನ್ ಒಂದನ್ನೇ ನಂಬಬೇಡಿ. 2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಓವಿಎಚ್ ಕಂಪನಿಯ ಡೇಟಾ ಸೆಂಟರ್, ಅಂದರೆ ಗ್ರಾಹಕರ ಫೈಲ್‌ಗಳನ್ನು ಇಡುವ ಕಂಪ್ಯೂಟರುಗಳ ಕಟ್ಟಡ, ಸುಟ್ಟುಹೋಯಿತು. ಬ್ಯಾಕಪ್ಪೂ ಅದೇ ಜಾಗದಲ್ಲಿದ್ದ ಕೆಲವರ ಪಾಲಿಗೆ ಎರಡೂ ಬೂದಿಯಾದವು. ಒಂದು ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ತಗೊಳ್ಳಿ. ವಾರಕ್ಕೊಮ್ಮೆ ಕಾಪಿ ಮಾಡಿ, ವೈರ್ ಕಿತ್ತು ಮನೆಗೆ ಒಯ್ಯಿರಿ. ಕಂಪ್ಯೂಟರಿಗೆ ಸಿಕ್ಕಿಸಿಯೇ ಇಟ್ಟರೆ ವೈರಸ್ ಅದಕ್ಕೂ ಬರುತ್ತದೆ.

ಬ್ಯಾಕಪ್‌ಗೆ ನಿಮ್ಮದೇ ಗುಪ್ತ ಕೀ (ಬ್ಯಾಕಪ್‌ಗೆ ಬೀಗ ಹಾಕುವ ಪಾಸ್‌ವರ್ಡ್) ಹಾಕಿದ್ದರೆ ಅದನ್ನು ಕಾಗದದ ಮೇಲೆ ಬರೆದು ಬೀರುವಿನಲ್ಲಿಡಿ. ಕೀ ಕಳೆದರೆ ಸೇವೆ ಕೊಡುವವರೂ ಅದನ್ನು ತೆರೆಯಲಾರರು. ಈ ಭಾನುವಾರವೇ ಮಗಳ ಲ್ಯಾಪ್‌ಟಾಪಿನಲ್ಲಿ ಬ್ಯಾಕಪ್‌ನಿಂದ ಒಂದು ದಿನದ ಲೆಕ್ಕ ವಾಪಸ್ ತೆಗೆದು ನೋಡಿ. ಆ ದಿನದ ಮಾರಾಟದ ಮೊತ್ತ ನಿಮ್ಮ ಬಿಲ್ ಪುಸ್ತಕಕ್ಕೆ ತಾಳೆ ಆಗುತ್ತದಾ?