ಕತ್ತಿನ ನಾಳಕ್ಕೆ ದಿಕ್ಕು ಗೊತ್ತಿಲ್ಲ, ಎತ್ತರ ಗೊತ್ತು

ಉತ್ತರಕ್ಕೆ ತಲೆ ಹಾಕಿ ಮಲಗಬೇಡ ಎಂದು ಅಜ್ಜಿಯರು ಗದರುತ್ತಿದ್ದಾಗ ಅದರ ಬೆನ್ನಿಗೆ ಗಣಪತಿಗೆ ಆನೆಯ ತಲೆ ಬಂದ ಕಥೆ ಇತ್ತು. ಈಗ ವಾಟ್ಸಾಪು ಅದಕ್ಕೆ ವಿಜ್ಞಾನದ ಅಂಗಿ ತೊಡಿಸಿದೆ: ರಕ್ತದಲ್ಲಿ ಕಬ್ಬಿಣವಿದೆ, ಉತ್ತರ ಧ್ರುವ ಅಯಸ್ಕಾಂತ, ಹಾಗಾಗಿ ರಕ್ತವೆಲ್ಲ ತಲೆಗೆ ನುಗ್ಗುತ್ತದೆಯಂತೆ. ಇದಕ್ಕಿಂತ ಕಥೆಯೇ ವಾಸಿ.

ಹಿಮೋಗ್ಲೋಬಿನ್ನಿನ ಕಬ್ಬಿಣ ಮೊಳೆಯ ಕಬ್ಬಿಣವಲ್ಲ. ಆಮ್ಲಜನಕ ಹೊತ್ತಿರುವಾಗ ಅದನ್ನು ಅಯಸ್ಕಾಂತ ತುಸುವೇ ತಳ್ಳುತ್ತದೆ, ಇಳಿಸಿದ ಮೇಲೆ ತುಸುವೇ ಸೆಳೆಯುತ್ತದೆ. ಲೈನಸ್ ಪೌಲಿಂಗ್ ಮತ್ತು ಚಾರ್ಲ್ಸ್ ಕೊರಿಯೆಲ್ 1936ರಲ್ಲೇ ಇದನ್ನು ಅಳೆದು ತೋರಿಸಿದ್ದಾರೆ. ನಮ್ಮ ಕಡೆ ಭೂಮಿಯ ಕಾಂತಕ್ಷೇತ್ರ ಸುಮಾರು 40 ಮೈಕ್ರೊಟೆಸ್ಲಾ. ಆಸ್ಪತ್ರೆಯ ಎಂಆರ್‌ಐ ಯಂತ್ರದ್ದು ಸಾಮಾನ್ಯವಾಗಿ 1.5 ಟೆಸ್ಲಾ, ಅಂದರೆ 35 ಸಾವಿರ ಪಟ್ಟಿಗೂ ಹೆಚ್ಚು. ಅದರೊಳಗೆ ಅರ್ಧ ಗಂಟೆ ಮಲಗಿದವರ ರಕ್ತವೂ ತನ್ನ ಪಾಡಿಗೆ ತಾನು ಹರಿಯುತ್ತಿರುತ್ತದೆ.

ಮಲಗುವ ರೀತಿಯಿಂದ ತಲೆಯ ರಕ್ತಕ್ಕೆ ಏನೂ ಆಗದು ಎಂದೇನಲ್ಲ. ಮಂಚವನ್ನು ದಿಕ್ಸೂಚಿಯ ಸುತ್ತ ತಿರುಗಿಸುವುದು ಬಿಟ್ಟು ತಲೆಯ ಕೆಳಗೆ ಎರಡು ದಿಂಬು ಏರಿಸಿ ನೋಡಿ. ಕತ್ತಿನ ಅಭಿಧಮನಿಗಳ (ಹೃದಯಕ್ಕೆ ರಕ್ತ ಮರಳಿಸುವ ನಾಳಗಳ) ಚಹರೆ ಬದಲಾಗುವುದು ಪಕ್ಕದಲ್ಲಿ ಕೂತವರ ಕಣ್ಣಿಗೇ ಬೀಳುತ್ತದೆ.

ಗಾರೆ ಕೆಲಸದವರು ಎರಡು ಗೋಡೆಗಳ ಮಟ್ಟ ನೋಡಲು ನೀರು ತುಂಬಿದ ಪಾರದರ್ಶಕ ಟ್ಯೂಬು ಹಿಡಿಯುತ್ತಾರಲ್ಲ? ಟ್ಯೂಬನ್ನು ಹೇಗೆ ಬಾಗಿಸಿದರೂ ನೀರು ತನ್ನ ಮಟ್ಟ ಬಿಟ್ಟು ಕೊಡುವುದಿಲ್ಲ. ಕತ್ತಿನ ಬಲಗಡೆಯ ಒಳ ಜಗ್ಯುಲರ್ ಅಭಿಧಮನಿ ಅಂಥದೇ ಒಂದು ಟ್ಯೂಬು. ಅದು ಹೆಚ್ಚುಕಮ್ಮಿ ನೇರವಾಗಿ ಹೃದಯದ ಬಲ ಮೇಲಿನ ಕೋಣೆಗೆ ಇಳಿಯುತ್ತದೆ. ಆ ಕೋಣೆಯ ಒತ್ತಡ ಆರೋಗ್ಯವಂತರಲ್ಲಿ 3ರಿಂದ 8 ಸೆಂಟಿಮೀಟರ್ ನೀರಿನಷ್ಟು. ಹಾಗಾಗಿ ರಕ್ತದ ಕಂಬ ಆ ಕೋಣೆಯಿಂದ ಗರಿಷ್ಠ 8 ಸೆಂ.ಮೀ. ಎತ್ತರಕ್ಕೆ ನಿಲ್ಲುತ್ತದೆ. ಅದರಿಂದಾಚೆಗೆ ಒಳಗಿನ ಒತ್ತಡಕ್ಕಿಂತ ಹೊರಗಿನ ಗಾಳಿಯದೇ ಮೇಲುಗೈ. ತೆಳು ಗೋಡೆಯ ನಾಳ, ಮೋಟರು ನಿಲ್ಲಿಸಿದ ತೋಟದ ಬಟ್ಟೆ ಪೈಪಿನಂತೆ, ಚಪ್ಪಟೆ ಬೀಳುತ್ತದೆ. ಮಟ್ಟಸವಾಗಿ ಮಲಗಿದರೆ ಕತ್ತು ಪೂರ್ತಿ ಆ ಮಟ್ಟದ ಕೆಳಗೆ ಬಂದು ನಾಳ ತುಂಬಿಕೊಳ್ಳುತ್ತದೆ. ನೆಟ್ಟಗೆ ಕೂತರೆ ಕಂಬದ ತುದಿ ಕೊರಳೆಲುಬಿನ ಹಿಂದೆ ಅಡಗುತ್ತದೆ.

ಇದನ್ನೇ ಹೃದಯದ ಒತ್ತಡಮಾಪಕ ಮಾಡಿಕೊಂಡರೆ? ಲಂಡನ್ನಿನ ಹೃದಯತಜ್ಞ ಥಾಮಸ್ ಲೂಯಿಸ್ 1930ರಲ್ಲಿ ಹೇಳಿಕೊಟ್ಟ ಉಪಾಯ ಇಂದಿಗೂ ವೈದ್ಯವಿದ್ಯಾರ್ಥಿಗಳ ಮೊದಲ ಪಾಠಗಳಲ್ಲೊಂದು. ರೋಗಿಯನ್ನು 45 ಡಿಗ್ರಿಗೆ ಒರಗಿಸಿ, ಮುಖವನ್ನು ಸ್ವಲ್ಪ ಎಡಕ್ಕೆ ತಿರುಗಿಸಿ, ಬೆಳಕು ಪಕ್ಕದಿಂದ ಬೀಳುವಂತೆ ಮಾಡಬೇಕು. ಗಂಟಲ ಕೆಳಗಿನ ಗುಳಿಯಿಂದ ಬೆರಳನ್ನು ಎದೆಮೂಳೆಯ ಮೇಲೆ ಸುಮಾರು 5 ಸೆಂ.ಮೀ. ಜಾರಿಸಿದರೆ ಒಂದು ಅಡ್ಡ ಏಣು ಸಿಗುತ್ತದೆ. ಎರಡನೇ ಪಕ್ಕೆಲುಬು ಕೂಡುವ ಜಾಗ. ಆ ಏಣಿನ ಮೇಲೆ ಒಂದು ಸ್ಕೇಲು ನೆಟ್ಟಗೆ, ಕತ್ತಿನ ನಾಳದ ಮಿಡಿತ ಕಾಣುವ ಮೇಲ್ತುದಿಯಿಂದ ಇನ್ನೊಂದು ಅಡ್ಡಕ್ಕೆ. ಅವು ಸಂಧಿಸುವ ಎತ್ತರ 3 ಸೆಂ.ಮೀ. ಒಳಗಿದ್ದರೆ ಸರಿ. ಏಣಿನಿಂದ ಹೃದಯದ ಕೋಣೆಗೆ ಇನ್ನೊಂದು 5 ಸೆಂ.ಮೀ. ಎಂದು ಕೂಡಿಸುತ್ತಾರೆ. ಅದು ಒರಟು ಲೆಕ್ಕ, ಆದರೂ ಕೆಲಸಕ್ಕೆ ಬರುತ್ತದೆ.

ಎಡವುವ ಜಾಗಗಳು ಬೇಕಾದಷ್ಟಿವೆ. ದಿಂಬು ಕತ್ತನ್ನು ಮುಂದಕ್ಕೆ ಮಡಚಿದರೆ, ತಲೆಯನ್ನು ತೀರಾ ತಿರುಗಿಸಿದರೆ, ಸ್ನಾಯು ಬಿಗಿದು ನಾಳ ಮುಚ್ಚಿಹೋಗುತ್ತದೆ. ಪಕ್ಕದ ಅಪಧಮನಿಯ (ಹೃದಯದಿಂದ ರಕ್ತ ಒಯ್ಯುವ ನಾಳದ) ಬಡಿತವನ್ನೇ ಇದೆಂದು ನಂಬುವವರೂ ಇದ್ದಾರೆ. ಅಪಧಮನಿ ಬೆರಳಿಗೆ ಬಡಿಯುತ್ತದೆ. ಅಭಿಧಮನಿ ಬೆರಳಿಗೆ ಸಿಗುವುದಿಲ್ಲ, ಕಣ್ಣಿಗೆ ಮಾತ್ರ, ಪ್ರತಿ ಬಡಿತಕ್ಕೆ ಎರಡು ಸಲ ಮಿನುಗುತ್ತದೆ. ಉಸಿರೆಳೆದಾಗ ಮಟ್ಟ ಇಳಿಯಬೇಕು. ಏರಿದರೆ ಹೃದಯದ ಹೊರಚೀಲ ಬಿಗಿದಿರಬಹುದು. ಜರ್ಮನಿಯ ಅಡಾಲ್ಫ್ ಕುಸ್‌ಮೌಲ್ 1873ರಲ್ಲಿ ಬರೆದಿಟ್ಟ ಲಕ್ಷಣ ಅದು. ಇನ್ನು ಒತ್ತಡ ವಿಪರೀತ ಏರಿದ್ದವರಲ್ಲಿ 45 ಡಿಗ್ರಿಯಲ್ಲಿ ತುದಿ ದವಡೆಯ ಮೇಲಕ್ಕೆ ಹೋಗಿ ಕಾಣದಾಗುತ್ತದೆ. ಏನೂ ಇಲ್ಲ ಎಂದು ಬರೆದುಬಿಡುವುದು ಇಲ್ಲೇ. ಅಂಥವರನ್ನು ನೆಟ್ಟಗೆ ಕೂರಿಸಿ ನೋಡಬೇಕು.

ನಾಳ ಚಪ್ಪಟೆಯಾದರೆ ಮಿದುಳಿನ ರಕ್ತ ಇಳಿಯುವುದೆಲ್ಲಿಂದ? ಬರ್ಲಿನ್ನಿನ ವೈದ್ಯರು 2000ದಲ್ಲಿ ಪ್ರಕಟಿಸಿದ ಅಲ್ಟ್ರಾಸೌಂಡ್ ಅಳತೆ ನೋಡಿ: ಮಲಗಿದಾಗ ಜಗ್ಯುಲರ್‌ಗಳಲ್ಲಿ ನಿಮಿಷಕ್ಕೆ ಸುಮಾರು 700 ಮಿಲಿಲೀಟರ್, ನೆಟ್ಟಗಾದಾಗ ಬರೀ 70. ಕತ್ತಿನ ಮೂಳೆಗಳ ನಡುವಿನ ಕಶೇರುಕ ಅಭಿಧಮನಿಗಳಲ್ಲಿ 40 ಇದ್ದದ್ದು 210 ಆಗುತ್ತದೆ. ಇವುಗಳಿಗೆ ಸುತ್ತ ಮೂಳೆಯ ಕಾವಲಿದೆ, ಗಾಳಿ ಅಮುಕಲಾರದು. ಲೆಕ್ಕ ತಾಳೆಯಾಗಲಿಲ್ಲ ಎಂದು ಗಮನಿಸಿದಿರಾ? 740 ಬಂದದ್ದು 280 ಆಯಿತು. ಮಿಕ್ಕದ್ದು ಬೆನ್ನುಹುರಿಯ ಸುತ್ತಲಿನ, ಆ ಅಳತೆಗೆ ಸಿಗದ ನಾಳಜಾಲದಲ್ಲಿ ಇಳಿಯುತ್ತದೆ ಎಂಬುದು ಅವರ ಊಹೆ. ದೊಡ್ಡ ತೂಬು ಮುಚ್ಚಿದರೆ ನೀರು ನೂರು ಬಸಿಗಾಲುವೆ ಹಿಡಿದ ಹಾಗೆ.

ಗುರುತ್ವದ ಈ ಆಟದಲ್ಲಿ ಹಿಂದೆ ದೊಡ್ಡವರೇ ಎಡವಿದ್ದಾರೆ. ಇಟಲಿಯ ಪಾದುವಾದ ಅಂಗರಚನಾ ತಜ್ಞ ಫ್ಯಾಬ್ರಿಸಿಯಸ್ 1603ರಲ್ಲಿ ಅಭಿಧಮನಿಗಳ ಕವಾಟಗಳನ್ನು ಚೆಂದಾಗಿ ಚಿತ್ರಿಸಿದ. ರಕ್ತವೆಲ್ಲ ಭಾರಕ್ಕೆ ಕೈಕಾಲಿಗೆ ಸುರಿದುಹೋಗದಂತೆ ಅವು ತಡೆಯುತ್ತವೆ ಎಂದ. ಅವನ ಶಿಷ್ಯ ವಿಲಿಯಂ ಹಾರ್ವೆ 1628ರಲ್ಲಿ ಕತ್ತಿನ ಕಡೆ ಬೆರಳು ತೋರಿಸಿದ. ಅಲ್ಲಿ ಕವಾಟಗಳು ತೆರೆಯುವುದೇ ಕೆಳಮುಖವಾಗಿ, ರಕ್ತ ಮೇಲೇರುವುದನ್ನು ತಡೆಯುವಂತೆ! ಕಾಲಲ್ಲಿ ಮೇಲ್ಮುಖ, ಕತ್ತಿನಲ್ಲಿ ಕೆಳಮುಖ, ಎರಡೂ ಕಡೆ ಹೃದಯದತ್ತ. ಗುರುವಿನ ವಾದ ಕತ್ತಿನಲ್ಲೇ ಮುರಿಯಿತು. ನೀವು ಜೋರಾಗಿ ಕೆಮ್ಮಿದಾಗ ಎದೆಯ ಒತ್ತಡ ಮಿದುಳಿಗೆ ಒದೆಯದಂತೆ ತಡೆಯುವುದು ಕೊರಳೆಲುಬಿನ ಹಿಂದಿನ ಆ ಕವಾಟವೇ.

ಶೀರ್ಷಾಸನದಿಂದ ಮಿದುಳಿಗೆ ಹೆಚ್ಚು ರಕ್ತ ಸಿಗುತ್ತದೆ ಎನ್ನುವವರೂ ಅರ್ಧ ಲೆಕ್ಕವನ್ನೇ ಮಾಡುತ್ತಾರೆ. ತಲೆಕೆಳಗಾದಾಗ ಅಪಧಮನಿಯ ಕಡೆ ಏರುವ ಒತ್ತಡ ಅಭಿಧಮನಿಯ ಕಡೆಯೂ ಅಷ್ಟೇ ಏರುತ್ತದೆ; ಹರಿವನ್ನು ನಡೆಸುವುದು ಎರಡರ ನಡುವಿನ ಅಂತರ. ಸಾಲದ್ದಕ್ಕೆ ಮಿದುಳಿನ ನಾಳಗಳು ತಮ್ಮ ಹರಿವನ್ನು ತಾವೇ ಹತೋಟಿಯಲ್ಲಿಡುತ್ತವೆ. ನಿಜಕ್ಕೂ ಏರುವುದು ಒತ್ತಡ. ಚೆನ್ನೈನ ಶಂಕರ ನೇತ್ರಾಲಯದವರು 75 ಯೋಗಾಭ್ಯಾಸಿಗಳನ್ನು ಪರೀಕ್ಷಿಸಿ 2006ರಲ್ಲಿ ಪ್ರಕಟಿಸಿದಂತೆ ಶೀರ್ಷಾಸನದಲ್ಲಿ ಕಣ್ಣೊಳಗಿನ ಒತ್ತಡ ಎರಡು ಪಟ್ಟು ಆಗುತ್ತದೆ. ಗ್ಲಾಕೋಮಾ (ಕಣ್ಣಿನ ನರಕ್ಕೆ ಹಾನಿ ಮಾಡುವ, ಕಣ್ಣೊಳಗಿನ ಒತ್ತಡಕ್ಕೆ ನಂಟಿರುವ ಕಾಯಿಲೆ) ಇರುವವರು ಈ ಆಸನದ ಗೊಡವೆಗೆ ಹೋಗಬಾರದು.

ಎತ್ತರದ ಲೆಕ್ಕ ಪ್ರಾಣಕ್ಕೇ ಬರುವುದು ಐಸಿಯುವಿನಲ್ಲಿ, ಕತ್ತಿನ ದೊಡ್ಡ ಅಭಿಧಮನಿಗೆ ಹಾಕಿದ ನಳಿಕೆಯನ್ನು ತೆಗೆಯುವಾಗ. ಕೂತವರ ಕತ್ತಿನಲ್ಲಿ ಒತ್ತಡ ಗಾಳಿಗಿಂತ ಕಡಿಮೆ. ನಳಿಕೆ ಬಿಟ್ಟುಹೋದ ರಂಧ್ರ ತೆರೆದಿದ್ದರೆ ಒಂದೇ ದೀರ್ಘ ಉಸಿರಿಗೆ ಗಾಳಿ ಒಳಗೆ ನುಗ್ಗಿ, ಹೃದಯದಲ್ಲಿ ನೊರೆಯೆದ್ದು ಪಂಪು ಕಚ್ಚಿಕೊಳ್ಳದಂತಾಗುತ್ತದೆ. ಬಾವಿಯ ಮೋಟರು ಗಾಳಿ ಹಿಡಿದಂತೆ. ಆದ್ದರಿಂದ ಮಟ್ಟಸವಾಗಿ, ಆದರೆ ತಲೆ ತುಸು ತಗ್ಗಿಸಿ ಮಲಗಿಸಿ, ಉಸಿರು ಬಿಡುವಾಗ ನಳಿಕೆ ಎಳೆದು, ತಕ್ಷಣ ಒತ್ತಿ ಹಿಡಿದು, ಗಾಳಿಯಾಡದ ಪಟ್ಟಿ ಅಂಟಿಸುತ್ತಾರೆ. ಆಮೇಲೂ ಅರ್ಧ ಗಂಟೆ ಏಳುವಂತಿಲ್ಲ. ತಲೆ ಉತ್ತರಕ್ಕಿದ್ದರೂ ಅಡ್ಡಿಯಿಲ್ಲ.