ಸೂರ್ಯೋದಯಕ್ಕೆ ಹೋದರೂ ಗೋಡೆ ಯಾಕೆ ನೀಲಿ?

ಪ್ರಶ್ನೆ: ಅಮೆರಿಕದ ಮರುಭೂಮಿಯಲ್ಲಿರುವ ಪ್ಯುಬ್ಲೋ ಎಂಬ ಮೂಲನಿವಾಸಿ ಜನರ ಹಳೆಯ ಕಲ್ಲುಮನೆಗಳ ಫೋಟೋ ಬೆಳಗ್ಗೆಯೇ ಚೆನ್ನ ಅಂತಾರೆ. ಕತ್ತಲಲ್ಲಿ ಎದ್ದು ಹೋದರೂ ನನಗೆ ಸಿಕ್ಕಿದ್ದು ಮಂಕಾದ, ನೀಲಿ ಗೋಡೆ. ಯಾಕೆ?

ಉತ್ತರ: ಕ್ಯಾಮೆರಾ ಆಮೇಲೆ. ಗೋಡೆ ಯಾವ ದಿಕ್ಕಿಗಿದೆ ಅಂತ ಮೊದಲು ನೋಡಿ. ಕೊಲರಾಡೋದ ಮೆಸಾ ವರ್ಡೆಯಲ್ಲಿ ಬಂಡೆಯ ಪೊಟರೆಯೊಳಗೆ ಕಟ್ಟಿದ ಕ್ಲಿಫ್ ಪ್ಯಾಲೇಸ್ ಇದೆಯಲ್ಲ, ಸುಮಾರು 150 ಕೋಣೆಗಳದ್ದು, ಅದು ತೆರೆದುಕೊಂಡಿರುವುದು ನೈಋತ್ಯಕ್ಕೆ. ಮುಂಜಾನೆ ಅಲ್ಲಿ ಬರೀ ನೆರಳು. ನೆರಳಿಗೆ ಬೀಳುವುದು ಆಕಾಶದ ಬೆಳಕು, ಅದಕ್ಕೇ ನೀಲಿ. ಅದನ್ನು ಸಂಜೆಗೆ ಇಟ್ಟುಕೊಳ್ಳಿ.

ಬೆಳಗ್ಗೆಗೆ ಬಯಲಲ್ಲಿ ನಿಂತ ಕಟ್ಟಡ ಬೇಕು. ನನ್ನ ಕೇಳಿದರೆ ಅರಿಝೋನಾದ ವುಪಾಟ್ಕಿ, ಇಂಥ ಹಳೆಯ ಮನೆಗಳಿರುವ ರಾಷ್ಟ್ರೀಯ ಸ್ಮಾರಕ. ಫ್ಲ್ಯಾಗ್‌ಸ್ಟಾಫ್‌ನಿಂದ ಉತ್ತರಕ್ಕೆ, ಕಾರಿನಲ್ಲಿ ಗಂಟೆಯೊಳಗಿನ ದಾರಿ. ಗ್ರ್ಯಾಂಡ್ ಕ್ಯಾನ್ಯನ್‌ಗೆ ಹೊರಟವರು ಸುಲಭವಾಗಿ ಸೇರಿಸಿಕೊಳ್ಳಬಹುದು. ಅಲ್ಲಿನ ದೊಡ್ಡ ಕಟ್ಟಡಕ್ಕಿಂತ ವುಕೋಕಿ ಎಂಬ ಕಟ್ಟಡ ನನಗೆ ಜಾಸ್ತಿ ಇಷ್ಟ. 12ನೇ ಶತಮಾನದ್ದು. ಒಂದು ಬಂಡೆಯ ಮೇಲೆ ಮೂರಂತಸ್ತು ಎತ್ತರಕ್ಕೆ ಒಂಟಿಯಾಗಿ ನಿಂತಿದೆ. ಬಂಡೆಯೂ ಗೋಡೆಯೂ ಕೆಂಪು ಮರಳುಗಲ್ಲೇ, ಬಂಡೆ ಎಲ್ಲಿ ಮುಗಿದು ಗೋಡೆ ಎಲ್ಲಿ ಶುರುವಾಯಿತು ಅಂತ ದೂರದಿಂದ ಗೊತ್ತಾಗುವುದೇ ಇಲ್ಲ.

ತಿಂಗಳೂ ಮುಖ್ಯ. ಜೂನ್‌ನಲ್ಲಿ ಸೂರ್ಯ ಈಶಾನ್ಯದಲ್ಲಿ ಹುಟ್ಟುತ್ತಾನೆ, ದಕ್ಷಿಣದ ಗೋಡೆಗೆ ಬೆಳಗಿನ ಬಿಸಿಲು ತಾಗುವುದಿಲ್ಲ. ಡಿಸೆಂಬರ್‌ನಲ್ಲಿ ಆಗ್ನೇಯದಲ್ಲಿ, ಆಗ ಅದೇ ಗೋಡೆ ಕೆಂಡದಂತೆ ಹೊಳೆಯುತ್ತದೆ.

ಸೂರ್ಯನಿಗೆ ಪೂರ್ತಿ ಬೆನ್ನು ಹಾಕಿ ನಿಲ್ಲಬೇಡಿ, ಗೋಡೆ ಚಪ್ಪಟೆಯಾಗುತ್ತದೆ. ಬಿಸಿಲು ಪಕ್ಕದಿಂದ ಸವರುವ ಹಾಗೆ ಜಾಗ ಬದಲಿಸಿ. ತೆಳು ಚಪ್ಪಡಿಗಳ ಅಂಚು, ನಡುವಿನ ಮಣ್ಣಿನ ಗಾರೆ, ಎಲ್ಲಕ್ಕೂ ಒಂದೊಂದು ನೆರಳಿನ ಗೆರೆ ಬರುತ್ತದೆ. ಚಿತ್ರ ಇರುವುದೇ ಅದರಲ್ಲಿ, ಅಲ್ವಾ?

ಸೆಟ್ಟಿಂಗ್ ವಿಷಯ ಸಣ್ಣದು. ವೈಟ್ ಬ್ಯಾಲೆನ್ಸ್ (ಬೆಳಕಿನ ಬಣ್ಣವನ್ನು ಸರಿದೂಗಿಸುವ ಸೆಟ್ಟಿಂಗ್) ಆಟೋದಲ್ಲಿದ್ದರೆ ಕ್ಯಾಮೆರಾ ಆ ಕೆಂಪನ್ನು ದೋಷ ಅಂದುಕೊಂಡು ತೊಳೆದುಬಿಡುತ್ತದೆ. ಡೇಲೈಟ್‌ಗೆ ಇಡಿ. ಬಿಸಿಲು ಬಿದ್ದ ಕಲ್ಲು ಬೆಳ್ಳಗಾಗದಂತೆ ಎಕ್ಸ್‌ಪೋಷರ್ ಸ್ವಲ್ಪ ಇಳಿಸಿ, ರಾ ಫೈಲ್ (ಕ್ಯಾಮೆರಾ ಸಂಸ್ಕರಿಸದ ಮೂಲ ಫೈಲ್) ತೆಗೆಯಿರಿ.

ಅಲಾರಂ ಬಗ್ಗೆ ಒಂದು ಮಾತು. ಬೇಸಿಗೆಯಲ್ಲಿ ಪಕ್ಕದ ನವಾಹೊ ನಾಡು (ನವಾಹೊ ಮೂಲನಿವಾಸಿಗಳ ಸ್ವಂತ ಆಡಳಿತದ ಪ್ರದೇಶ) ಗಡಿಯಾರವನ್ನು ಒಂದು ಗಂಟೆ ಮುಂದಿಡುತ್ತದೆ, ಉಳಿದ ಅರಿಝೋನಾ ಇಡುವುದಿಲ್ಲ. ಫೋನ್ ಯಾವ ಟವರ್ ಹಿಡಿದಿದೆಯೋ ಆ ಸಮಯ ತೋರಿಸಬಹುದು. ಅರಿಝೋನಾದ ಸಮಯವನ್ನು ಕೈಯಾರೆ ಹಾಕಿಕೊಳ್ಳಿ. ಕಾಲುದಾರಿ ತೆರೆಯುವ ಹೊತ್ತನ್ನೂ ಮೊದಲೇ ವಿಚಾರಿಸಿ.

ಗೋಡೆಗೆ ಒರಗುವುದು, ಅದರ ಮೇಲೆ ಟ್ರೈಪಾಡ್ ಊರುವುದು ಬೇಡ. ಮಡಕೆ ಚೂರು ಕಂಡರೆ ಕಂಡಲ್ಲೇ ಬಿಡಿ, ಎತ್ತಿಕೊಂಡು ಬರುವುದು ಅಪರಾಧ. ಪ್ಯುಬ್ಲೋ ಜನರಲ್ಲೇ ಒಂದು ಪಂಗಡವಾದ ಹೋಪಿ ಜನರಿಗೆ ಇದು ಪಾಳು ಕಟ್ಟಡವಲ್ಲ, ಅವರ ಹಿರಿಯರು ಇದ್ದ ಮನೆ. ಡ್ರೋನ್ ಅಂತೂ ಹಾರಿಸುವಂತೆಯೇ ಇಲ್ಲ.