ತುರ್ತು ಚಿಕಿತ್ಸಾ ವಿಭಾಗದ ಶೇ. 5 ಎಂದರೆ ಊರಿನ ಶೇ. 5 ಅಲ್ಲ

ಪ್ರಶ್ನೆ: ತುರ್ತು ಚಿಕಿತ್ಸಾ ವಿಭಾಗದ ಭೇಟಿಗಳಲ್ಲಿ ಶೇ. 5ರಷ್ಟು ಫ್ಲೂ ಎಂದು ವಾರದ ವರದಿಯಲ್ಲಿದೆ. ಹಾಗಾದರೆ ಊರಲ್ಲಿ ನೂರಕ್ಕೆ ಐದು ಜನರಿಗೆ ಫ್ಲೂ ಇದೆಯೇ?

ಇಲ್ಲ. ಫ್ಲೂ ಕಾಲ ಬಂತೆಂದರೆ ಈ ಪ್ರಶ್ನೆಯೂ ಬರುತ್ತದೆ, ಉತ್ತರ ಪ್ರತಿ ಸಲವೂ ಇದೇ. ಆ ಲೆಕ್ಕದ ಛೇದದಲ್ಲಿ ಊರಿನ ಜನಸಂಖ್ಯೆ ಇಲ್ಲವೇ ಇಲ್ಲ. ಇರುವುದು ಆ ವಾರ ತುರ್ತು ವಿಭಾಗಕ್ಕೆ ಆದ ಒಟ್ಟು ಭೇಟಿಗಳು: ಕೈ ಮುರಿದುಕೊಂಡವರು, ಎದೆನೋವಿನವರು, ವಾಂತಿಭೇದಿಯವರು ಎಲ್ಲರೂ ಸೇರಿ. ಫ್ಲೂ ತಗುಲಿದವರಲ್ಲಿ ಹೆಚ್ಚಿನವರು ಮನೆಯಲ್ಲೇ ಮಲಗಿ ಗುಣವಾಗುತ್ತಾರೆ. ಅವರು ಈ ಲೆಕ್ಕಕ್ಕೆ ಸಿಗುವುದೇ ಇಲ್ಲ. ಒಬ್ಬರೇ ಎರಡು ಸಲ ಬಂದರೆ ಎರಡು ಭೇಟಿ.

ಒಮ್ಮೆ ಕೂತು ಲೆಕ್ಕ ಹಾಕಿ. ಒಂದು ವಾರ 1,000 ಭೇಟಿ, ಅದರಲ್ಲಿ ಫ್ಲೂ 40. ಅಂದರೆ ಶೇ. 4. ಮುಂದಿನ ವಾರ ಸಾಲು ರಜೆ, ಸಣ್ಣಪುಟ್ಟ ತೊಂದರೆಯವರು ಬರಲಿಲ್ಲ, ಒಟ್ಟು 800ಕ್ಕೆ ಇಳಿಯಿತು. ಫ್ಲೂ ಅದೇ 40. ಈಗ ಶೇ. 5! ಫ್ಲೂ ಭೇಟಿ ಒಂದೂ ಹೆಚ್ಚಲಿಲ್ಲ, ನಕ್ಷೆಯ ಗೆರೆ ಮಾತ್ರ ಮೇಲೇರಿತು. ಇದರ ತಿರುಗುಮುರುಗೂ ಉಂಟು. ವಾಂತಿಭೇದಿ ಹಬ್ಬಿ ಒಟ್ಟು 1,250 ಆಯಿತೆನ್ನಿ. ಫ್ಲೂ 50ಕ್ಕೆ ಏರಿದರೂ ಶೇಕಡಾವಾರು 4ರಲ್ಲೇ ಕೂತಿರುತ್ತದೆ. ಹಾಗಾಗಿ ಶೇಕಡಾವಾರನ್ನು ನೋಡುವಾಗ ಪಕ್ಕದ ಒಟ್ಟು ಭೇಟಿಗಳ ಸಂಖ್ಯೆಯನ್ನೂ ನೋಡಲೇಬೇಕು.

ಹಾಗಿದ್ದರೆ ಬರೀ ಎಣಿಕೆಯನ್ನೇ ಕೊಡಬಾರದೇ? ವರದಿ ಕಳಿಸುವ ಆಸ್ಪತ್ರೆಗಳು ಎಲ್ಲ ವಾರವೂ ಅಷ್ಟೇ ಇರುವುದಿಲ್ಲ. ಹತ್ತು ಆಸ್ಪತ್ರೆ ಹೊಸದಾಗಿ ಸೇರಿದರೆ ಎಣಿಕೆ ಜಿಗಿಯುತ್ತದೆ, ಶೇಕಡಾವಾರು ಅಷ್ಟು ಅಲುಗದು. ಅದನ್ನು ಬಳಸುವುದು ಇದೇ ಕಾರಣಕ್ಕೆ. ಒಂದೇ ವಾರದ ಅಂಕಿ ಹಿಡಿದು ಗಾಬರಿಯಾಗದೆ ಮೂರು ನಾಲ್ಕು ವಾರಗಳ ಏರಿಳಿತ ನೋಡಿ, ಹಿಂದಿನ ವರ್ಷದ ಇದೇ ವಾರಗಳ ಜೊತೆ ಹೋಲಿಸಿ. ವಯಸ್ಸನ್ನೂ ಬಿಡಿಸಿ ನೋಡಿ: ಆರ್‌ಎಸ್‌ವಿ ಎಂಬ ಉಸಿರಾಟದ ಸೋಂಕಿನ ವೈರಸ್ ಹಸುಗೂಸುಗಳಲ್ಲಿ ಜೋರಾಗಿದ್ದರೂ ಎಲ್ಲ ವಯಸ್ಸಿನ ಒಟ್ಟು ಅಂಕಿಯಲ್ಲಿ ಅಡಗಿಹೋಗುತ್ತದೆ.

ಇಷ್ಟೆಲ್ಲ ಕೇಳುವವರು, ಒಂದು ಭೇಟಿ ಫ್ಲೂ ಪಟ್ಟಿಗೆ ಸೇರುವುದಾದರೂ ಹೇಗೆ ಎಂದು ಮಾತ್ರ ಕೇಳುವುದಿಲ್ಲ. ಕೇಳಬೇಕಾದದ್ದು ಅದೇ. ಬಂದ ಕೂಡಲೇ ಬರೆದುಕೊಳ್ಳುವ ರೋಗಿಯ ಮುಖ್ಯ ದೂರು ಮೊದಲು ಸಿಗುತ್ತದೆ. ರೋಗನಿರ್ಣಯದ ಕೋಡ್ ಎಷ್ಟೋ ಸಲ ದಿನಗಳ ನಂತರ ಬರುತ್ತದೆ. ಐಸಿಡಿ-10 ಎಂಬ ಅಂತರರಾಷ್ಟ್ರೀಯ ರೋಗ ಕೋಡುಗಳ ಪಟ್ಟಿಯಲ್ಲಿ ಫ್ಲೂಗೆ ಜೆ09ರಿಂದ ಜೆ11. ಕಳೆದ ವಾರದ ಅಂಕಿ ಈ ವಾರ ತೆರೆದಾಗ ಬದಲಾಗಿದ್ದರೆ ಯಾರೋ ತಿದ್ದಿ ಮೋಸ ಮಾಡಿದರು ಎಂದಲ್ಲ, ತಡವಾದ ಕೋಡುಗಳು ಬಂದು ಸೇರಿವೆ.

ದೂರಿನ ಸಾಲಿನಲ್ಲಿ ಪದ ಹುಡುಕುವಾಗ ಇನ್ನೊಂದು ಎಡವಟ್ಟಾಗುತ್ತದೆ. "ಎದೆನೋವು, ಜ್ವರ ಇಲ್ಲ, ಕೆಮ್ಮು ಇಲ್ಲ" ಎಂದು ಬರೆದಿದ್ದರೆ, ಬರೀ ಪದ ಹುಡುಕುವ ತಂತ್ರಾಂಶಕ್ಕೆ "ಜ್ವರ", "ಕೆಮ್ಮು" ಎರಡೂ ಸಿಗುತ್ತವೆ. ಹೃದಯದ ರೋಗಿ ಫ್ಲೂ ಮಾದರಿಯ ಕಾಯಿಲೆಯ ಪಟ್ಟಿಯಲ್ಲಿ! ಆದ್ದರಿಂದ "ಇಲ್ಲ" ಎಂದಿರುವ ಲಕ್ಷಣಗಳನ್ನು ಮೊದಲು ತೆಗೆದುಹಾಕಿ, ಉಳಿದ ಸಾಲಿನಲ್ಲಷ್ಟೇ ಹುಡುಕಿಸಬೇಕು.